ಒಂದೇ ಹೆಸರು, ಮೂರು ಕೀಲಿಕೈ

ನಾಲ್ಕನೇ ಸಲವೂ ಸರ್ವರ್ ಏಳಲಿಲ್ಲ.

ಪರದೆಯ ಮೇಲೆ ಕೆಂಪು ಅಕ್ಷರದ ಒಂದು ಸಾಲು ಮೂಡಿತು. ಬೀಗದಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕ ಒರೆಸಿದರೆ ಸರ್ವರ್ ಏಳುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಮೂವತ್ತು ವರ್ಷ ಬೀಗ ರಿಪೇರಿ ಮಾಡಿದವಳು. ಯಾವ ಬಾಗಿಲೂ ಅವಳ ಮುಂದೆ ಇಷ್ಟು ಹಟ ಮಾಡಿರಲಿಲ್ಲ.

“ಆಂಟಿ, ಸುತ್ತಿಗೆ ತರ್ಲಾ?” ಎಂದಳು ಪಕ್ಕದ ಕುರ್ಚಿಯ ಹುಡುಗಿ.

“ಸುತ್ತಿಗೆ ನನ್ನ ಚೀಲದಲ್ಲೇ ಇದೆ ಕಣೇ. ನಿನ್ನ ತಲೆಗೆ ಬೇಕಾದ್ರೆ ಹೇಳು.”

ತರಬೇತಿ ಕೋಣೆಯಲ್ಲಿ ನಗು ಎದ್ದಿತು. ಬೀಗದಮ್ಮ ನಗಲಿಲ್ಲ. ಗೋಡೆ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಅಷ್ಟರೊಳಗೆ, ಸತ್ತ ಮಗ ತಪ್ಪು ಮಾಡಿಲ್ಲ ಎಂದು ತೋರಿಸದಿದ್ದರೆ, ಕಡತ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಮಗನ ಹಾರ್ಡ್‌ಡಿಸ್ಕ್ ಅಂಗಡಿಯ ನಂಬರ್ ಬೀಗಗಳ ಪೆಟ್ಟಿಗೆಯ ತಳದಲ್ಲಿ ಸಿಕ್ಕಿ ಇಂದಿಗೆ ಆರು ದಿನ. ಅವನ ಆಫೀಸಿನ ಸರ್ವರಿನ ಪೂರ್ತಿ ನಕಲು ಅದರಲ್ಲಿತ್ತು. ಅದೊಂದೇ ಸಾಕ್ಷಿ. ‘ಸಾಕ್ಷ್ಯ ಈಗ ಎಲ್ಲಿದೆ’ ಎಂದು ವಿಚಾರಣೆಯ ಅರ್ಜಿಯಲ್ಲಿ ಕೇಳಿದ್ದರು. ‘ತರಬೇತಿ ಕೇಂದ್ರ, ಒಂಬತ್ತನೇ ಕಂಪ್ಯೂಟರ್’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದಳು.

ಮೇಷ್ಟ್ರು ಬಂದು ಅವಳ ಹಿಂದೆ ನಿಂತರು. ತೆಳ್ಳಗಿನ ಮನುಷ್ಯ, ಸೀಮೆಸುಣ್ಣದ ಪುಡಿ ಸದಾ ತೋಳಿನ ಮೇಲೆ.

“ಎಷ್ಟು ಸಲ ಹೇಳ್ಲಿ ಅಮ್ಮಾ? ಮೊದಲು ಪರೀಕ್ಷೆ, ಆಮೇಲೆ ಸ್ಟಾರ್ಟ್. ಬಾಗಿಲಿಗೆ ಕೂರಿಸೋ ಮುಂಚೆ ಬೀಗನ ಕೈಯಲ್ಲೇ ಒಂದ್ಸಲ ತಿರುಗಿಸಿ ನೋಡಲ್ವಾ ನೀವು?”

“ನೋಡ್ತೀನಿ.”

“ಮತ್ತೆ? ಇದೂ ಅಷ್ಟೇ. ಸರ್ವರ್ ಹೇಗೆ ನಡೀಬೇಕು ಅಂತ ಬರೆದಿರೋ ಫೈಲ್ ಸರಿ ಇದೆಯಾ ಅಂತ ಮೊದಲು ಸರ್ವರನ್ನೇ ಕೇಳಿ. ಎಲ್ಲಿ ತಪ್ಪಿದೆ ಅಂತ ಅದೇ ಹೇಳುತ್ತೆ. ಕೇಳದೆ ಸ್ಟಾರ್ಟ್ ಮಾಡಿದ್ರೆ ಬಿದ್ದುಹೋಗುತ್ತೆ.”

ಬೀಗದಮ್ಮ ಒಂದೊಂದೇ ಅಕ್ಷರ ಕುಟ್ಟಿದಳು. ಸರ್ವರ್ ಹೇಳಿತು: ಅರವತ್ತೆರಡನೇ ಸಾಲು, ಪ್ರಮಾಣಪತ್ರದ ಫೈಲ್, ಅಂದರೆ ಸರ್ವರಿನ ಗುರುತುಚೀಟಿ, ಹೇಳಿದ ಜಾಗದಲ್ಲಿಲ್ಲ. ಅಷ್ಟೇ! ಡಿಸ್ಕಿನಿಂದ ಆ ಫೈಲನ್ನು ಹುಡುಕಿ ತಂದು ಜಾಗಕ್ಕೆ ಹಾಕಿದಳು. ಮತ್ತೆ ಪರೀಕ್ಷೆ. ಈ ಸಲ ‘ಸರಿ ಇದೆ’ ಎಂಬ ಉತ್ತರ ಬಂತು. ಸ್ಟಾರ್ಟ್ ಒತ್ತಿದಳು.

ಸರ್ವರ್ ಎದ್ದಿತು. ಪರದೆಯ ತುಂಬ ಬಿಳಿ ಪುಟ, ನಡುವೆ ದೊಡ್ಡ ಕೆಂಪು ಗುಂಡಿ: ‘ಆಂಬುಲೆನ್ಸ್ ಬೇಕೇ? ಇಲ್ಲಿ ಒತ್ತಿ.’ ಪುಟದ ಕೆಳತುದಿಯಲ್ಲಿ ಚಿಕ್ಕ ಅಕ್ಷರ: ‘ಪುಟ ನಿಧಾನವಾದರೆ ಗಾಬರಿಯಾಗಬೇಡಿ. ನಾವು ಎಚ್ಚರವಾಗಿದ್ದೇವೆ.’

ಅದು ಮಗನ ಮಾತು. ಜ್ವರ ಬಂದಾಗ ತಾಯಿಯ ಹಾಸಿಗೆಯ ಪಕ್ಕ ಕೂತು ಹೀಗೇ ಹೇಳುತ್ತಿದ್ದ. ಗಾಬರಿ ಆಗ್ಬೇಡಮ್ಮ, ನಾನು ಎಚ್ಚರವಾಗಿದ್ದೀನಿ. ಬೀಗದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹದಿನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಆಂಬುಲೆನ್ಸ್ ಆಫೀಸಿನಲ್ಲಿ ಮಗ ನೋಡಿಕೊಳ್ಳುತ್ತಿದ್ದ ಈ ಪುಟ ನಲವತ್ತೊಂದು ನಿಮಿಷ ಸತ್ತು ಬಿದ್ದಿತ್ತು. ಫೋನ್ ಎತ್ತುವವರ ಪರದೆಯೂ ಇದೇ ಸರ್ವರಿನದು. ಅವರೂ ಕೈಕಟ್ಟಿ ಕೂತರು. ಎದೆನೋವಿನ ಒಬ್ಬ ಮನುಷ್ಯ ಬಾರದ ಗಾಡಿಗೆ ಕಾದು ಕಾದು ಮನೆಯ ಮೆಟ್ಟಿಲ ಮೇಲೆಯೇ ಪ್ರಾಣ ಬಿಟ್ಟ. “ಮನೆಯಿಂದ ಫೈಲ್ ಬದಲಿಸಿದೆ. ತಪ್ಪು ನನ್ನದೇ,” ಎಂದ ಮಗ. ಕೆಲಸ ಹೋಯಿತು. ಮೂರು ವಾರಕ್ಕೆ ಲಾರಿಯೊಂದು ಅವನ ಸ್ಕೂಟರಿಗೆ ಬಡಿಯಿತು. ಮಾಡಿದ್ದುಣ್ಣೋ ಮಹರಾಯ ಎಂದು ಜನ ಬೆನ್ನ ಹಿಂದೆ ಆಡಿಕೊಂಡರು. ಜನರ ಬಾಯಿಗೆ ಬೀಗ ಮಾಡುವ ಕೆಲಸ ಬೀಗದಮ್ಮನಿಗೂ ಬರುತ್ತಿರಲಿಲ್ಲ.

“ಅಳಬೇಡಿ. ಈಗ ಫೈಲ್ ನೋಡೋಣ,” ಎಂದರು ಮೇಷ್ಟ್ರು ಮೆಲ್ಲಗೆ.

ಹುಡುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕ ಕೂತರು.

ಮಗನ ಫೋಲ್ಡರ್ ತೆರೆದರೆ ಕಣ್ಣು ತುಂಬುವಂಥ ಅಚ್ಚುಕಟ್ಟು. ಯಾವ ಫೈಲನ್ನು ಮುಟ್ಟುವ ಮುಂಚೆಯೂ ಅದರದೊಂದು ನಕಲು, ನಕಲಿನ ಹೆಸರಲ್ಲಿ ತಾರೀಕು. ಬದಲಿಸಿದ ಜಾಗದ ಮೇಲೆ # ಗುರುತು ಹಾಕಿ ಒಂದು ಸಾಲು.

“ಈ ಗುರುತಿನ ಸಾಲನ್ನ ಸರ್ವರ್ ಓದಲ್ಲ. ಮುಂದೆ ಬರೋ ಮನುಷ್ಯ ಓದ್ಲಿ ಅಂತ ಬರೆಯೋದು,” ಎಂದರು ಮೇಷ್ಟ್ರು.

ಬೀಗದಮ್ಮ ಓದಿದಳು. ‘# ಮಾರ್ಚ್ ೩. ಕಾರಣ: ಚಿತ್ರಗಳು ಭಾರ, ಪುಟ ನಿಧಾನ.’ ‘# ಜೂನ್ ೧೯. ಕಾರಣ: ಬಾಗಿಲು ಬೇಗ ಮುಚ್ಚಿಕೊಳ್ಳುತ್ತಿದೆ. ಅಮ್ಮನನ್ನು ಕೇಳಬೇಕು!’ ಮೂರು ವರ್ಷದ ಕೆಲಸದಲ್ಲಿ ತಾರೀಕಿಲ್ಲದ, ಕಾರಣವಿಲ್ಲದ ಒಂದು ಬದಲಾವಣೆಯೂ ಇಲ್ಲ.

ಎರಡು ಬಿಟ್ಟು.

ಒಂದು, ಆ ಕೆಟ್ಟ ದಿನದ್ದು. ಯಾರೋ ಸರ್ವರ್ ಕಿವಿಗೊಡುವ ಬಾಗಿಲಿನ ಸಂಖ್ಯೆ, ಅಂದರೆ ಪೋರ್ಟ್, ಬದಲಿಸಿದ್ದರು. ನಕಲಿಲ್ಲ, ತಾರೀಕಿಲ್ಲ. ಪರೀಕ್ಷೆಯನ್ನೂ ಮಾಡದೆ ನೇರ ರೀಸ್ಟಾರ್ಟ್.

“ಇದು ನನ್ನ ಮಗನ ಕೈ ಅಲ್ಲ ಮೇಷ್ಟ್ರೇ. ಅನ್ನ ಬಿಟ್ಟಾನು, ಪರೀಕ್ಷೆ ಬಿಡಲ್ಲ ಅವನು.”

“ನಿಮಗೆ ಗೊತ್ತು, ನನಗೂ ಗೊತ್ತು. ವಿಚಾರಣೆಯಲ್ಲಿ ಅವನ ಗುಣ ಸಾಕ್ಷಿ ಆಗಲ್ಲ.” ಮೇಷ್ಟ್ರು ಇನ್ನೊಂದು ಫೈಲಿಗೆ ಬೆರಳಿಟ್ಟರು. “ಇದನ್ನೂ ನೋಡಿ. ಇದು ಮುಂಬಾಗಿಲ ಸರ್ವರಿನದು. ಬಂದವರನ್ನ ಒಳಗಿನ ಸರ್ವರಿಗೆ ಕಳಿಸೋದು ಇದರ ಕೆಲಸ. ಒಳಗಿನದು ಬಿದ್ರೆ ಎರಡನೇ ಸರ್ವರಿಗೆ ಕಳಿಸ್ಬೇಕು. ಆ ಎರಡನೇ ಸರ್ವರಿನ ಸಾಲಿನ ಮುಂದೆ ಯಾರೋ # ಹಾಕಿ ಬಾಯಿ ಮುಚ್ಚಿಸಿದ್ದಾರೆ. ಫೈಲ್ ಬದಲಾದದ್ದು ಆ ದಿನಕ್ಕಿಂತ ಎಂಟು ತಿಂಗಳು ಮುಂಚೆ ಅಂತ ಕಂಪ್ಯೂಟರ್ ತೋರಿಸುತ್ತೆ. ಬದಲಿಸಿದವರು ಬರೆದ ತಾರೀಕಿಲ್ಲ, ಕಾರಣ ಇಲ್ಲ.”

“ಎಂಟು ತಿಂಗಳ ಮಾತು ಆಮೇಲೆ. ನನಗೆ ಬೇಕಾಗಿರೋದು ಆ ದಿನ, ಆ ಕೈ.”

ಮೇಷ್ಟ್ರು ಯಾವಾಗ ಯಾರು ಸರ್ವರಿನ ಒಳಗೆ ಬಂದರು ಎಂಬ ದಾಖಲೆಯನ್ನು ತೆರೆದರು.

ಆ ಆಫೀಸಿನ ಪದ್ಧತಿ ವಿಚಿತ್ರ. ಸರ್ವರಿನೊಳಗೆ ಹೋಗಲು ಇದ್ದದ್ದು ಒಂದೇ ಹೆಸರು, ಮಗನ ಹೆಸರು. ಆದರೆ ಆ ಹೆಸರಿಗೆ ಕೀಲಿಕೈ ಮೂರು, ಕಂಪ್ಯೂಟರಿನಲ್ಲೋ ಫೋನಿನಲ್ಲೋ ಕೂರಿಸಿಡುವ ಗುಪ್ತ ಫೈಲುಗಳು. ಅವುಗಳಿಗೆ ಮಗನೇ ಚೀಟಿ ಅಂಟಿಸಿದ್ದ: ಆಫೀಸ್, ಮನೆ, ಫೋನ್. ಆಫೀಸ್ ಕೀಲಿಕೈ ಮೇಲಧಿಕಾರಿ ಮೇಡಂ ಕಂಪ್ಯೂಟರಿನಲ್ಲಿತ್ತು.

“ಯಾವ ಕೀಲಿಕೈಯಿಂದ ಬಂದ್ರೂ ಹೆಸರು ಇವನದೇ ಬರುತ್ತೆ. ಆದ್ರೆ ಪಕ್ಕದಲ್ಲಿ ಕೀಲಿಕೈಯ ಬೆರಳಚ್ಚು, ಅಂದ್ರೆ ಅದರದೇ ಗುರುತಿನ ಅಕ್ಷರಗಳು, ಬಿದ್ದಿರುತ್ತೆ. ಅದನ್ನ ವಿಚಾರಣೆಯವರು ಓದಿಲ್ಲ,” ಎಂದರು ಮೇಷ್ಟ್ರು.

ಅಬ್ಬಾ! ಬೀಗದಮ್ಮ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಆಫೀಸ್ ಎಂದು ಬರಲಿ, ಆಫೀಸ್ ಎಂದೇ ಬರಲಿ ಎಂದು ಒಳಗೊಳಗೇ ಬೇಡಿಕೊಂಡಳು. ಆ ಮೇಡಂ ಮಗನ ಹೆಣದ ಮುಂದೆಯೂ ಒಂದು ಹನಿ ಕಣ್ಣೀರು ಹಾಕಿದವಳಲ್ಲ. ‘ಉದ್ಯೋಗಿಯ ನಿರ್ಲಕ್ಷ್ಯ’ ಎಂಬ ಪತ್ರಕ್ಕೆ ಸಹಿ ಹಾಕಿದವಳು ಅವಳೇ.

ಹನ್ನೊಂದು ಗಂಟೆ ಆರು ನಿಮಿಷಕ್ಕೆ ಒಬ್ಬರು ಒಳಗೆ ಬಂದಿದ್ದರು. ಹನ್ನೊಂದು ಹದಿನಾಲ್ಕಕ್ಕೆ ಸರ್ವರ್ ಬಿದ್ದಿತ್ತು. ಮೇಷ್ಟ್ರು ಬೆರಳಚ್ಚನ್ನು ಮೂರರ ಜೊತೆಗೂ ಹೋಲಿಸಿದರು. ಒಂದು ಸಲ. ಮತ್ತೊಂದು ಸಲ.

“ಹೇಳಿ.”

“ಮನೆ,” ಎಂದರು ಮೇಷ್ಟ್ರು. “ಬಂದ ಇಂಟರ್ನೆಟ್ ವಿಳಾಸವೂ ನಿಮ್ಮ ಮನೆಯದೇ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೀಗದಮ್ಮ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. ಹಾಗಾದರೆ ಜನ ಹೇಳಿದ್ದೇ ನಿಜವೇ?

“ತಡೀರಿ, ಇನ್ನೊಂದಿದೆ.” ಮೇಷ್ಟ್ರ ದನಿ ಬದಲಾಗಿತ್ತು. “ಹನ್ನೊಂದು ಐವತ್ತು, ಐವತ್ತೈದಕ್ಕೆ ಸರ್ವರ್ ಏಳೋ ಮುಂಚೆ. ಸರಿ ಮಾಡೋಕೆ ಬಂದದ್ದು. ಇದು ಫೋನಿನ ಕೀಲಿಕೈ. ವಿಳಾಸ ಕಣ್ಣಾಸ್ಪತ್ರೆಯದು. ನಕಲು ಇದೆ, ತಾರೀಕಿದೆ. ಕಾರಣಾನೂ ಬರೆದಿದ್ದಾನೆ.”

ಬೀಗದಮ್ಮ ಬಗ್ಗಿ ಓದಿದಳು.

‘# ಕಾರಣ: ತಪ್ಪು ನನ್ನದು. ಕಲಿಸಿದವನು ನಾನು.’

“ಕಲಿಸಿದವನು ಅಂದ್ರೆ? ಯಾರಿಗೆ ಕಲಿಸ್ತಿದ್ದ?” ಎಂದರು ಮೇಷ್ಟ್ರು.

ಬೀಗದಮ್ಮನ ಮನಸ್ಸು ಆ ದಿನದ ಆಸ್ಪತ್ರೆಯ ಹಾಸಿಗೆಗೆ ಹೋಗಿತ್ತು.

ಅವಳ ಕಣ್ಣಿನ ಆಪರೇಷನ್ ಆದ ದಿನ ಅದು. ಎರಡೂ ಕಣ್ಣಿಗೆ ಪಟ್ಟಿ. ಕತ್ತಲೆ. ಆ ಕತ್ತಲೆಯಲ್ಲಿ ಒಂದು ಕೈ ಅವಳ ಕೈಯನ್ನು ಬೆಳಗಿನಿಂದ ಹಿಡಿದೇ ಇತ್ತು. ಹೆಬ್ಬೆರಳ ಬುಡದಲ್ಲಿ ಗಾಯದ ಕಲೆ; ಏಳನೇ ವಯಸ್ಸಿನಲ್ಲಿ ಅಂಗಡಿಯ ಅರದಿಂದ ಆದದ್ದು. ಆದರೆ ಮರುದಿನ ಮಗ ಹೇಳಿದ್ದ: “ಇಲ್ಲಮ್ಮ, ನಡುವೆ ಒಂದು ಗಂಟೆ ಮನೆಗೆ ಹೋಗಿದ್ದೆ. ನೀನು ಗಾಢ ನಿದ್ದೇಲಿದ್ದೆ.”

ಮಗ ಸುಳ್ಳು ಹೇಳಿಯಾನೇ ಎಂದು ತನ್ನ ಕೈಯ ನೆನಪನ್ನೇ ಸುಳ್ಳು ಮಾಡಿಕೊಂಡಳು. ವಿಚಾರಣೆಯವರು ಕೇಳಿದಾಗ, “ನಾನು ನಿದ್ದೇಲಿದ್ದೆ,” ಎಂದು ಹೇಳಿ ಸಹಿ ಹಾಕಿದಳು. ಮಗನನ್ನು ಉಳಿಸಬಹುದಾಗಿದ್ದ ಒಂದೇ ಒಂದು ಸಾಕ್ಷಿಯನ್ನು ಹೆತ್ತ ತಾಯಿಯೇ ಹೊಸಕಿ ಹಾಕಿದಂತಾಗಿತ್ತು.

ಕೈ ಬಿಟ್ಟಿರಲಿಲ್ಲ ಅವನು. ಹನ್ನೊಂದು ಐವತ್ತರ ಹೊತ್ತಿಗೆ ಒಂದೇ ಒಂದು ಸಲ ಬಿಟ್ಟಿದ್ದ, ಐದು ನಿಮಿಷ. ಫೋನಿನಲ್ಲಿ ಟೈಪ್ ಮಾಡುವುದಕ್ಕೆ ಎರಡು ಕೈ ಬೇಕಲ್ಲ.

ಹಾಗಾದರೆ ಹನ್ನೊಂದು ಆರಕ್ಕೆ ಮನೆಯಲ್ಲಿದ್ದವರು ಯಾರು?

ಅವಳಿಗೆ ಉತ್ತರ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

“ಈ ಎರಡು ಸಾಲು ಕಾಗದದ ಮೇಲೆ ತೆಗೆದುಕೊಡಿ. ನಾನು ಮನೆಗೆ ಹೋಗ್ಬೇಕು,” ಎಂದಳು.

“ಡಿಸ್ಕು? ನಕಲು ಮಾಡೋಕೆ ಮೂರು ಗಂಟೆ ಬೇಕು. ಈಗ ಹಚ್ಚಿದ್ರೆ ಸಂಜೆಗೆ ಆಗುತ್ತೆ.”

“ಹಚ್ಚಿ. ನಿಮ್ಮ ಹತ್ರಾನೇ ಇರ್ಲಿ.”

* * *

ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತುವಾಗಲೇ ಇಸ್ತ್ರಿಯ ಬಿಸಿ ವಾಸನೆ ಬಂತು. ಸೊಸೆ ಲಾಂಡ್ರಿಯ ಬಟ್ಟೆಗಳನ್ನು ಮನೆಗೆ ತಂದು ಇಸ್ತ್ರಿ ಮಾಡಿಕೊಡುತ್ತಿದ್ದಳು. ಗಂಡ ಹೋದ ಮೇಲೆ ತವರಿಗೆ ಬಾ ಎಂದು ಅವಳ ಅಣ್ಣ ಎರಡು ಸಲ ಬಂದು ಕರೆದಿದ್ದ. “ಅತ್ತೆ ಒಬ್ಬರೇ ಆಗ್ತಾರೆ,” ಎಂದು ಹೋಗಿರಲಿಲ್ಲ. ಬೀಗದಮ್ಮನ ಕಣ್ಣಿಗೆ ಇವತ್ತಿಗೂ ಔಷಧಿಯ ಹನಿ ಬಿಡುವವಳು ಅವಳೇ.

“ಬಂದ್ರಾ ಅತ್ತೆ? ಸರ್ವರ್ ಎದ್ದಿತಾ?” ಸೊಸೆ ತಲೆಯೆತ್ತದೆ ಕೇಳಿದಳು.

“ಎದ್ದಿತು.”

“ಟೀ ಇಡ್ಲಾ?”

“ಬೇಡ.” ಬೀಗದಮ್ಮ ಕಾಗದವನ್ನು ಇಸ್ತ್ರಿ ಮೇಜಿನ ಮೇಲೆ, ಮಡಿಸಿದ ಅಂಗಿಯ ಪಕ್ಕ ಇಟ್ಟಳು. ಬೈಯಬೇಕೆಂದು ದಾರಿಯುದ್ದಕ್ಕೂ ಎಷ್ಟೋ ಮಾತು ಕೂಡಿಹಾಕಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ.

“ಪರೀಕ್ಷೆ ಮಾಡದೆ ಯಾಕಮ್ಮ ರೀಸ್ಟಾರ್ಟ್ ಮಾಡ್ದೆ?”

ಸೊಸೆಯ ಕೈ ನಿಂತಿತು. ಕಂಪ್ಯೂಟರ್ ಅಂದರೆ ತಲೆನೋವು, ಆನ್ ಮಾಡೋಕೂ ಬರಲ್ಲ ಎಂದು ಹದಿನಾಲ್ಕು ತಿಂಗಳು ಹೇಳಿಕೊಂಡು ಬಂದವಳು. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ಕಿತ್ತು, ತಂತಿಯನ್ನು ಸುತ್ತಿಟ್ಟಳು.

“ಪರೀಕ್ಷೆ ಮಾಡೋದು ಆರನೇ ಪಾಠ ಅತ್ತೆ,” ಎಂದಳು. “ನಾನು ಐದರಲ್ಲಿದ್ದೆ.”

ಬೀಗದಮ್ಮ ಸ್ಟೂಲ್ ಎಳೆದುಕೊಂಡು ಕೂತಳು.

“ನಾನೂ ಕಲೀತೀನಿ, ಎಷ್ಟು ದಿನ ಇಸ್ತ್ರಿ ಮಾಡ್ಲಿ ಅಂತ ನಾನೇ ಹಟ ಮಾಡಿದ್ದೆ. ನನಗೆ ಅಂತಾನೇ ಒಂದು ಹಳೇ ಸರ್ವರ್ ಇಟ್ಟುಕೊಟ್ಟಿದ್ರು. ಕೆಲಸ ಸಿಗೋ ತನಕ ಅಮ್ಮನಿಗೆ ಹೇಳೋದು ಬೇಡ, ಆಶ್ಚರ್ಯ ಪಡಿಸೋಣ ಅಂದಿದ್ರು.”

“ಆಶ್ಚರ್ಯ ಆಯ್ತಮ್ಮ. ಚೆನ್ನಾಗಿ ಆಯ್ತು.”

“ಮೇಲಿನ ಬಾಣದ ಗುಂಡಿ ಒತ್ತಿದ್ರೆ ಹಿಂದೆ ಬರೆದ ಆದೇಶ ಮತ್ತೆ ಬರುತ್ತೆ ಅತ್ತೆ. ದಿನಾ ಹಾಗೇ ಒತ್ತಿ ನನ್ನ ಸರ್ವರಿಗೆ ಹೋಗ್ತಿದ್ದೆ. ಹಿಂದಿನ ರಾತ್ರಿ ಅವರು ಅದೇ ಲ್ಯಾಪ್‌ಟಾಪಲ್ಲಿ ಆಫೀಸ್ ಕೆಲಸ ಮಾಡಿದ್ರು. ಬಾಣ ಒತ್ತಿದಾಗ ಬಂದದ್ದು ಅವರ ಸಾಲು. ನಾನು ಓದಲಿಲ್ಲ. ನನ್ನದೇ ಅನ್ಕೊಂಡು ಒಳಗೆ ಹೋದೆ. ಐದನೇ ಪಾಠ ಪೋರ್ಟ್ ಬದಲಿಸೋದು. ಬದಲಿಸಿದೆ. ರೀಸ್ಟಾರ್ಟ್ ಮಾಡಿದೆ. ಏಳಲಿಲ್ಲ. ಅವರು ಬಂದ್ಮೇಲೆ ಕೇಳೋಣ ಅಂತ ಮುಚ್ಚಿಟ್ಟು ಬಟ್ಟೆ ಒಗೆಯೋಕೆ ಹೋದೆ.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಬಟ್ಟೆ ಒಗೀತಿದ್ದೆ ಅತ್ತೆ ನಾನು. ಅಲ್ಲಿ ಆ ಮನುಷ್ಯ ಸಾಯ್ತಿದ್ದಾಗ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತಲ್ಲೇ!” ಬೀಗದಮ್ಮ ಕಾಗದವನ್ನು ಅವಳ ಕಡೆ ನೂಕಿದಳು. “ನನ್ನ ಮಗನ ಹೆಸರಿಗೆ ಮಸಿ ಬಳಿದರು. ಬೀದಿ ಜನ ಬಾಯಿಗೆ ಬಂದ ಹಾಗೆ ಆಡಿಕೊಂಡ್ರು. ನೀನು ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಒಂದು ಮಾತು ಹೇಳ್ಬಾರದಿತ್ತಾ? ನಾಳೆ ಇದನ್ನ ಅವರ ಮುಂದೆ ಇಟ್ರೆ ನನ್ನ ಮಗ ನಿರಪರಾಧಿ. ಆದ್ರೆ ನಿನ್ನ ಗತಿ?”

“ನಿಮ್ಮ ಮೇಲೆ ಆಣೆ ಮಾಡಿಸಿದ್ರು. ಅಮ್ಮನ ಕಣ್ಣಾಣೆ, ಯಾರಿಗೂ ಹೇಳಕೂಡದು ಅಂತ.”

“ಆಣೆ ಅಂತೆ, ಆಣೆ!”

“ಮುರಿದೆ ಅತ್ತೆ.” ಸೊಸೆ ಕೈ ಇಳಿಸಿದಳು. ಕಣ್ಣು ಒಣಗಿದ್ದವು, ಅತ್ತು ಅತ್ತು ಎಂದೋ ಮುಗಿಸಿದವಳ ಕಣ್ಣು. “ಮೂರು ವಾರ ತಡೆದುಕೊಂಡೆ. ಆಗಲಿಲ್ಲ. ಎಲ್ಲ ಕಾಗದದಲ್ಲಿ ಬರೆದು ಆಫೀಸಿಗೆ ಹೋದೆ. ಹೋಗೋ ಮುಂಚೆ ಅವರಿಗೆ ಒಂದು ಮೆಸೇಜ್ ಹಾಕಿದೆ. ‘ಕ್ಷಮಿಸಿ, ನಾನು ಒಪ್ಪಿಕೊಳ್ಳೋಕೆ ಹೋಗ್ತಿದ್ದೀನಿ.’ ನನ್ನ ತಡೆಯೋಕೆ ಅಂತ ಅವರು ಸ್ಕೂಟರ್ ತಗೊಂಡು…”

ಮುಂದೆ ಹೇಳಬೇಕಾಗಿರಲಿಲ್ಲ. ಆ ಬೆಳಿಗ್ಗೆ ಮಗ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಮೆಟ್ಟಿಲು ಇಳಿದು ಓಡಿದ್ದನ್ನು ಬೀಗದಮ್ಮ ಅಂಗಡಿಯಿಂದ ನೋಡಿದ್ದಳು. ಎಲ್ಲಿಗೋ ಎಂದು ಕೂಗಿದ್ದಳು. ಅವನು ತಿರುಗಿ ನೋಡಿರಲಿಲ್ಲ.

ಅಳುವಿಗೂ ಶಕ್ತಿ ಬೇಕು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು.

ಬೀಗದಮ್ಮನಿಗೆ ತಟ್ಟನೆ ಹೊಳೆಯಿತು. “ಆ ಕಾಗದ ಏನಾಯ್ತು?”

“ಮೇಲಧಿಕಾರಿ ಮೇಡಂ ಕೈಗೇ ಕೊಟ್ಟೆ. ನಿಂತುಕೊಂಡೇ ಓದಿದ್ರು. ಮಡಿಸಿ ಡ್ರಾಯರಲ್ಲಿ ಹಾಕಿ ಬೀಗ ಹಾಕಿದ್ರು. ಅಷ್ಟರಲ್ಲಿ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಆಮೇಲೆ ಅವರು ಆ ಕಾಗದದ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸತ್ತುಹೋಗಿದ್ದೆ ಅತ್ತೆ ನಾನು.”

“ಅಂದ್ರೆ ಅವಳಿಗೆ ಗೊತ್ತಿತ್ತು? ಗೊತ್ತಿದ್ದೂ, ಸತ್ತ ನನ್ನ ಮಗನ ಹೆಸರು ಬರೆದು ಸಹಿ ಹಾಕಿದಳಾ?”

“ಹೂಂ. ಕಾಗದ ಓದಿ ಬೈಯಲಿಲ್ಲ, ಆಶ್ಚರ್ಯಾನೂ ಪಡಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದ್ರು. ನನಗೆ ಇವತ್ತಿಗೂ ಅರ್ಥ ಆಗಿಲ್ಲ.”

“ಏನು?”

“‘ನಿನ್ನ ಗಂಡ ಮುಂಬಾಗಿಲ ಸರ್ವರಿನ ಫೈಲ್ ತೆಗೆದು ನೋಡಿದ್ನಾ? ಎರಡನೇ ಸರ್ವರಿನ ಸಾಲು?’ ಅಂತ.”

ಹಾಗಾದರೆ ಆ ಸಾಲಿನ ಬಾಯಿ ಮುಚ್ಚಿಸಿದವಳು ಮೇಡಂ ಇರಬೇಕು. ತಾರೀಕಿಲ್ಲದ, ಕಾರಣವಿಲ್ಲದ ಆ # ಗುರುತು. ‘ಆಮೇಲೆ’ ಎಂದು ಮಧ್ಯಾಹ್ನ ತಾನೇ ತಳ್ಳಿಹಾಕಿದ ಸಾಲು. ಆ ಸಾಲಿನ ಬಾಯಿ ಮುಚ್ಚಿಸದೆ ಇದ್ದಿದ್ದರೆ ಎರಡನೇ ಸರ್ವರ್ ಕೈಹಿಡಿಯುತ್ತಿತ್ತು, ಸೊಸೆಯ ತಪ್ಪಿಗೆ ನಲವತ್ತೊಂದು ನಿಮಿಷ ಯಾರೂ ಕಾಯಬೇಕಾಗಿರಲಿಲ್ಲ. ಆ ಮನುಷ್ಯ ಬದುಕುತ್ತಿದ್ದ. ಮಗನೂ ಬದುಕುತ್ತಿದ್ದ.

ಚೀಲದೊಳಗೆ ಫೋನ್ ಬಡಿದುಕೊಂಡಿತು. ಮೇಷ್ಟ್ರು. ದನಿ ತಗ್ಗಿಸಿ, ಅಂಗೈ ಅಡ್ಡ ಹಿಡಿದು ಮಾತಾಡುತ್ತಿರುವುದು ಗೊತ್ತಾಗುತ್ತಿತ್ತು.

“ಅಮ್ಮಾ, ಆಂಬುಲೆನ್ಸ್ ಆಫೀಸಿನ ಮೇಡಂ ಬಂದಿದ್ದಾರೆ. ನಿಮ್ಮ ಅರ್ಜಿ ಹಿಡಿದುಕೊಂಡು ನೇರ ಒಂಬತ್ತನೇ ಕಂಪ್ಯೂಟರಿಗೇ ಬಂದ್ರು. ಡಿಸ್ಕು ಆಫೀಸಿನ ಸ್ವತ್ತು, ಈಗಲೇ ಕೊಡಿ ಅಂತಿದ್ದಾರೆ. ನಕಲು ಇನ್ನೂ ಅರ್ಧ ಆಗಿಲ್ಲ.” ದನಿ ಇನ್ನೂ ತಗ್ಗಿತು. “ನೀವು ಒಪ್ಪಿ ಕೊಟ್ರೆ ನಾಳೆ ವಿಚಾರಣೇನೇ ಬೇಡ್ವಂತೆ. ಮನೇಲಿರೋವ್ರ ಸುದ್ದಿಗೂ ಯಾರೂ ಬರಲ್ಲ ಅಂತ ಹೇಳಿ ಅಂದ್ರು. ಏನು ಹಾಗಂದ್ರೆ? ಕೊಡ್ಲಾ?”

ಹಾಗಂದರೆ ಏನೆಂದು ಬೀಗದಮ್ಮನಿಗೆ ಗೊತ್ತಿತ್ತು. ಕೊಟ್ಟರೆ ಸೊಸೆ ಉಳಿಯುತ್ತಾಳೆ, ಮಗನ ಹೆಸರು ಹೋಗುತ್ತದೆ. ಕೊಡದಿದ್ದರೆ ಮಗನ ಹೆಸರು ಉಳಿಯುತ್ತದೆ, ಅವನು ಪ್ರಾಣ ಕೊಟ್ಟು ಮುಚ್ಚಿಟ್ಟವಳು ಹೋಗುತ್ತಾಳೆ.

“ಅಮ್ಮಾ, ಹತ್ತಿರ ಬರ್ತಿದ್ದಾರೆ. ಬೇಗ ಹೇಳಿ, ಕೊಡ್ಲಾ ಬೇಡ್ವಾ?”

ಬೀಗದಮ್ಮ ಬಾಯಿ ತೆರೆದಳು. ಮಾತು ಹೊರಡುವ ಮುಂಚೆ ಸೊಸೆ ಎದ್ದು ಬಂದು, ಅತ್ತೆಯ ಕೈಯಿಂದ ಫೋನನ್ನು ತೆಗೆದುಕೊಂಡಳು.